ಕುಲ ಹಾಫ್‌ಲಿಂಗ್, ಕಸುಬು ಬಾರ್ಬೇರಿಯನ್: ಒಂದು ಪಾತ್ರದ ರಿಪೇರಿ ದಿನಚರಿ

ರಬ್ಬರ್ ಉಜ್ಜಿ ಉಜ್ಜಿ ಪಾತ್ರದ ಹಾಳೆಯಲ್ಲಿ ‘ಚುರುಕು’ ಎಂಬ ಚೌಕಕ್ಕೆ ತೂತು ಬಿದ್ದಿದೆ. ಹಿಂದಿನಿಂದ ಅಂಟುಪಟ್ಟಿ ಹಚ್ಚಿ ಅದರ ಮೇಲೆಯೇ ಹೊಸ ಅಂಕ ಬರೆದಿದ್ದೇನೆ. ಪಾತ್ರದ ಹೆಸರು ಕಿಡಿ. ಎತ್ತರ ಮೂರಡಿ, ತೂಕ ನಲವತ್ತು ಪೌಂಡ್, ಕುಲ ಹಾಫ್‌ಲಿಂಗ್ ಎಂಬ ಗಿಡ್ಡ ಜನ, ಕಸುಬು ಬಾರ್ಬೇರಿಯನ್, ಅಂದರೆ ಆವೇಶದಿಂದ ಕಾದುವ ಯೋಧ. ಆಟ ಮೇಜಿನ ಸುತ್ತ ಕೂತು, ದಾಳ ಎಸೆದು, ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಐದನೆಯ ಆವೃತ್ತಿ, 2014ರ ನಿಯಮಗಳು. ಕೆಟ್ಟುಹೋದ ಪಾತ್ರವನ್ನು ಹರಿದು ಬಿಸಾಡದೆ ರಿಪೇರಿ ಮಾಡಿದ ಕತೆ ಇದು. ಮೊದಲೇ ಹೇಳಿಬಿಡುತ್ತೇನೆ, ಕೆಡಿಸಿದವನೂ ನಾನೇ.

ರೇಸ್, ಕ್ಲಾಸ್ ಎನ್ನುವ ಜೋಡಿಯನ್ನು ನಮ್ಮ ಮೇಜಿನಲ್ಲಿ ಕುಲ, ಕಸುಬು ಎಂದು ಕರೆಯುತ್ತೇವೆ. ಕೂಡಿಸಿ ಓದಿದರೆ ಕುಲಕಸುಬು. ಈ ಆಟದ ಹಳೆಯ ರೋಗವನ್ನು ಒಂದೇ ಪದದಲ್ಲಿ ಹೇಳಿದ ಹಾಗಾಯಿತು. ಎಲ್ಫ್ ಎಂದರೆ ಬಿಲ್ಲು, ಡ್ವಾರ್ಫ್ ಎಂದರೆ ಕೊಡಲಿ, ಹಾಫ್‌ಲಿಂಗ್ ಎಂದರೆ ಜೇಬುಗಳ್ಳ. 1974ರ ಮೊದಲ ಪೆಟ್ಟಿಗೆಯಲ್ಲಿ ಡ್ವಾರ್ಫ್ ಯೋಧನಾಗಬಹುದಿತ್ತು, ಬೇರೇನೂ ಆಗುವಂತಿರಲಿಲ್ಲ. ಅದೂ ಆರನೆಯ ಹಂತದವರೆಗೆ. ಅಲ್ಲಿನ ಪುಟ್ಟಜನಕ್ಕೆ ನಾಲ್ಕನೆಯ ಹಂತದಲ್ಲೇ ಬಾಗಿಲು ಮುಚ್ಚುತ್ತಿತ್ತು. 1981ರ ಬೇಸಿಕ್ ಆವೃತ್ತಿಯಲ್ಲಂತೂ ಕುಲವೇ ಕಸುಬು, ಹಾಫ್‌ಲಿಂಗ್ ಎಂದು ಒಮ್ಮೆ ಬರೆದರೆ ಎರಡೂ ಚೌಕ ತುಂಬಿದಂತೆ. 2000ದಲ್ಲಿ ಬಂದ ಮೂರನೆಯ ಆವೃತ್ತಿ ಬೇಲಿಯನ್ನು ಕಿತ್ತುಹಾಕಿತು. ಗೂಟಗಳು ಮಾತ್ರ ನೆಲದಲ್ಲೇ ಉಳಿದವು: ಹಾಫ್‌ಲಿಂಗ್‌ಗೆ ಚುರುಕಿನಲ್ಲಿ ಎರಡು ಹೆಚ್ಚು, ಹಾಫ್‌ಆರ್ಕ್‌ಗೆ ಬಲದಲ್ಲಿ ಎರಡು ಹೆಚ್ಚು. ಯಾರು ಬೇಕಾದರೂ ಏನು ಬೇಕಾದರೂ ಆಗಬಹುದು, ಎಡವಲು ಸಿದ್ಧರಿದ್ದರೆ.

ನಾನು ಎಡವಿದ್ದು ಮಾತ್ರ ಆ ಗೂಟಕ್ಕಲ್ಲ.

ಮೊದಲ ಹಾಳೆ

ಹಾಳೆಯ ಆರು ಅಂಕಗಳನ್ನು ನಾವು ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎನ್ನುತ್ತೇವೆ. 27 ಪಾಯಿಂಟ್ ಕೊಟ್ಟು ಇವನ್ನು ಕೊಳ್ಳಬೇಕು. ಎಂಟು ಪುಕ್ಕಟೆ, ಹದಿನಾಲ್ಕಕ್ಕೆ ಏಳು ಪಾಯಿಂಟ್, ಹದಿನೈದಕ್ಕೆ ಒಂಬತ್ತು. ಸ್ಟೌಟ್ ಒಳಪಂಗಡದ ಹಾಫ್‌ಲಿಂಗ್‌ಗೆ ಚುರುಕಿಗೆ ಎರಡು, ತಾಳಿಕೆಗೆ ಒಂದು ಸೇರುತ್ತದೆ. ಇರುವುದನ್ನು ಬಳಸೋಣ ಎಂದು ಚುರುಕನ್ನೇ ಎತ್ತಿ ಹಿಡಿದೆ: ಬಲ 10, ಚುರುಕು 17, ತಾಳಿಕೆ 16, ಬುದ್ಧಿ 8, ವಿವೇಕ 12, ವರ್ಚಸ್ಸು 11. ಕೈಯಲ್ಲಿ ರೇಪಿಯರ್ ಕತ್ತಿ ಮತ್ತು ಗುರಾಣಿ. ಬಾರ್ಬೇರಿಯನ್ ಕವಚ ತೊಡದಿದ್ದರೆ ರಕ್ಷಣೆಯ ಅಂಕ (ಏಟು ತಾಗಲು ವೈರಿ ಮುಟ್ಟಬೇಕಾದ ಅಂಕ) ಹತ್ತಕ್ಕೆ ಚುರುಕು ಮತ್ತು ತಾಳಿಕೆಯ ಬೋನಸ್ ಸೇರಿಸಿ ಬರುತ್ತದೆ, ಗುರಾಣಿ ಹಿಡಿಯಲೂ ಅಡ್ಡಿಯಿಲ್ಲ. ಒಟ್ಟು 18. ಮೊದಲ ಹಂತದಲ್ಲೇ, ಬರಿಮೈಯಲ್ಲಿ! ಇಷ್ಟು ಸುಲಭವಾಗಿರುವಾಗ ಜನ ಯಾಕೆ ಈ ಜೋಡಿಯನ್ನು ನೋಡಿ ನಗುತ್ತಾರೆ ಎಂದು ಜಂಬಪಟ್ಟೆ. ಆ ಜಂಬ ಒಂದು ಸಂಜೆ ಬಾಳಿತು.

ಮೊದಲ ಕೂಟ: ಕೆಟ್ಟ ಜಾಗಗಳು

ಎದುರಿಗೆ ನಾಲ್ಕು ಗಾಬ್ಲಿನ್‌ಗಳು, ಅರವತ್ತು ಅಡಿ ದೂರ. ನನ್ನ ಸರದಿ ಬಂದಿತು. ರೇಜ್ ಏರಿಸಿದೆ, ಬಾರ್ಬೇರಿಯನ್‌ನ ಜೀವಾಳವೇ ಆ ಆವೇಶ. ಹಾಫ್‌ಲಿಂಗ್ ಕಾಲು ಚಿಕ್ಕದು, ನಡಿಗೆ 25 ಅಡಿ ಮಾತ್ರ. ಓಡಿದರೆ 50. ಓಡಿದೆ. ಇನ್ನೂ ಹತ್ತು ಅಡಿ ಉಳಿಯಿತು.

“ಸರದಿ ಮುಗಿಯಿತೇ?” ಎಂದರು ಆಟ ನಡೆಸುವವರು.

“ಮುಗಿಯಿತು.”

“ಯಾರನ್ನೂ ಹೊಡೆಯಲಿಲ್ಲ, ಯಾರಿಂದಲೂ ಏಟು ತಿನ್ನಲಿಲ್ಲ. ಆವೇಶ ಇಳಿಯಿತು.”

ನಿಯಮ ಹಾಗೆಯೇ ಇದೆ. ಹಿಂದಿನ ಸರದಿಯಿಂದೀಚೆಗೆ ವೈರಿಯ ಮೇಲೆ ಕೈ ಮಾಡಿರಬೇಕು ಅಥವಾ ಏಟು ತಿಂದಿರಬೇಕು; ಎರಡೂ ಇಲ್ಲವೆಂದರೆ ಸರದಿಯ ಕೊನೆಗೆ ರೇಜ್ ಆರುತ್ತದೆ. ಮೊದಲ ಹಂತದಲ್ಲಿ ದೀರ್ಘ ವಿಶ್ರಾಂತಿಗೊಮ್ಮೆ ಸಿಗುವುದು ಎರಡೇ ರೇಜ್. ಒಂದು ಓಟದಲ್ಲೇ ಹೋಯಿತು.

ಮುಂದಿನ ಸರದಿಗೆ ಎರಡನೆಯದನ್ನು ಏರಿಸಿ ಹತ್ತಿರದ ಗಾಬ್ಲಿನ್‌ಗೆ ಚುಚ್ಚಿದೆ, ತಾಗಿತು. ಎಂಟು ಮುಖದ ದಾಳದಲ್ಲಿ ಮೂರು, ಚುರುಕಿನ ಮೂರು, ರೇಜಿನ ಎರಡು, ಒಟ್ಟು ಎಂಟು ಎಂದು ಕೂಗಿದೆ. ಗಾಬ್ಲಿನ್‌ಗೆ ಇರುವ ಪ್ರಾಣವೇ ಏಳು.

“ಯಾವ ಅಂಕದಿಂದ ಚುಚ್ಚಿದೆ?”

“ಚುರುಕಿನಿಂದ.”

“ಹಾಗಾದರೆ ಕೊನೆಯ ಎರಡನ್ನು ಅಳಿಸು. ರೇಜಿನ ಹೆಚ್ಚುವರಿ ಬಲದಿಂದ ಹೊಡೆದ ಕೈಹೊಡೆತಕ್ಕೆ ಮಾತ್ರ. ಪುಟ ತೆಗೆದು ಓದು.”

ಓದಿದೆ. ಒಂದೇ ಒಂದು ಪ್ರಾಣ ಉಳಿಸಿಕೊಂಡ ಆ ಗಾಬ್ಲಿನ್ ತಿರುಗಿ ನನ್ನ ಮೊಣಕಾಲಿಗೆ ಹೊಡೆಯಿತು. ಪುಟ ತಿರುವಿದರೆ ಇನ್ನೂ ಕೆಟ್ಟ ಸುದ್ದಿ ಕಾದಿತ್ತು: ಎರಡನೆಯ ಹಂತದಲ್ಲಿ ಸಿಗುವ ರೆಕ್ಲೆಸ್ ಅಟ್ಯಾಕ್ (ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳುವ ದುಡುಕಿನ ಹೊಡೆತ) ಕೂಡ ಬಲದ ಹೊಡೆತಕ್ಕೆ ಮಾತ್ರ. ಅಂದರೆ ನಾನು ಕಟ್ಟಿದ್ದು ಬಾರ್ಬೇರಿಯನ್ ಅಲ್ಲವೇ ಅಲ್ಲ. ಬಾರ್ಬೇರಿಯನ್ ಹೆಸರಿನ ಪಟ್ಟಿ ಕಟ್ಟಿಕೊಂಡ ಬಡ ಕತ್ತಿವರಸೆಗಾರ. ಕುಲ ಒಂದು ಕಡೆ ಎಳೆಯುತ್ತಿತ್ತು, ಕಸುಬು ಇನ್ನೊಂದು ಕಡೆ. ನಡುವೆ ಕೀಲೇ ಇರಲಿಲ್ಲ.

ರಿಪೇರಿ ಒಂದು: ಅಂಕಗಳು

ಮೊದಲ ಹಂತವೇ ಆದ್ದರಿಂದ ಹಾಳೆ ತಿದ್ದಲು ಅನುಮತಿ ಸಿಕ್ಕಿತು. ಹೊಸ ಲೆಕ್ಕ: ಬಲ 15 ಕೊಂಡೆ, ಚುರುಕು 14 ಕೊಂಡು ಕುಲದ ಎರಡು ಸೇರಿಸಿ 16, ತಾಳಿಕೆ 15 ಕೊಂಡು ಒಂದು ಸೇರಿಸಿ 16. ಒಂಬತ್ತು, ಏಳು, ಒಂಬತ್ತು. ಉಳಿದ ಎರಡು ಪಾಯಿಂಟ್‌ನಲ್ಲಿ ವಿವೇಕ 10. ಬುದ್ಧಿ, ವರ್ಚಸ್ಸು ಎರಡೂ ಎಂಟರಲ್ಲೇ ಬಿದ್ದಿರಲಿ.

ರಬ್ಬರ್ ಕೆಳಗಿಟ್ಟು ರಕ್ಷಣೆಯ ಅಂಕ ಕೂಡಿಸಿದಾಗ ನಗು ಬಂದಿತು. ಹತ್ತು, ಮೂರು, ಮೂರು, ಗುರಾಣಿಯ ಎರಡು: ಮತ್ತೆ 18. ಚುರುಕಿನ ಹದಿನೇಳೂ ಹದಿನಾರೂ ಕೊಡುವುದು ಒಂದೇ ಬೋನಸ್. ಹಿಂದಿನ ಹಾಳೆಯಲ್ಲಿ ನಾನು ಆ ಹದಿನೇಳಕ್ಕೆ ಸುಮ್ಮನೆ ಎರಡು ಪಾಯಿಂಟ್ ಸುರಿದಿದ್ದೆ. ಬೆಸ ಅಂಕವನ್ನು ಕಂಡಲ್ಲಿ ಒಮ್ಮೆ ಅನುಮಾನಪಡಬೇಕು. ಈ ಹೊಸ ಹಾಳೆಯಲ್ಲೂ ಬಲ ಹದಿನೈದು ಎಂಬ ಬೆಸ ಉಳಿದಿದೆ, ಅದನ್ನು ಬೇಕೆಂದೇ ಬಿಟ್ಟಿದ್ದೇನೆ, ಮುಂದೆ ಹೇಳುತ್ತೇನೆ.

ರಿಪೇರಿ ಎರಡು: ಆರದ ಆವೇಶ

ಓಟದ ತೊಂದರೆಗೆ ಮದ್ದು ಅಗ್ಗದ್ದು. ಬೆನ್ನಿಗೆ ನಾಲ್ಕು ಜಾವೆಲಿನ್. ಮೂವತ್ತು ಅಡಿಯವರೆಗೆ ನೆಟ್ಟಗೆ ಹೋಗುತ್ತದೆ, ನೂರಿಪ್ಪತ್ತರವರೆಗೆ ಅಡ್ಡಾದಿಡ್ಡಿಯಾಗಿ. ಎಸೆತಕ್ಕೆ ರೇಜಿನ ಹೆಚ್ಚುವರಿ ಹಾನಿ ಸೇರುವುದಿಲ್ಲ, ಆದರೆ ವೈರಿಯ ಮೇಲೆ ಕೈ ಮಾಡಿದ ಲೆಕ್ಕಕ್ಕೆ ಸಾಕು. ಗುರಿ ತಪ್ಪಿದರೂ ಸರಿ, ಒಲೆ ಆರುವುದಿಲ್ಲ. ಹತ್ತಿರ ಹೋಗುತ್ತ ಎಸೆ, ತಲುಪಿದ ಮೇಲೆ ಕಡಿ. ಇದನ್ನು ಮೊದಲ ದಿನವೇ ಮಾಡಿದ್ದರೆ ಆ ರೇಜ್ ಉಳಿಯುತ್ತಿತ್ತು.

ಕೈಕೊಟ್ಟ ರಿಪೇರಿ: ನಾಯಿ

ಆಯುಧದ ವಿಷಯಕ್ಕೆ ಬರುವ ಮುನ್ನ ಒಂದು ಅವಿವೇಕವನ್ನು ದಾಖಲಿಸಬೇಕು. 2014ರ ನಿಯಮದಲ್ಲಿ ಸಣ್ಣ ಗಾತ್ರದವರು ‘ಹೆವಿ’ ಆಯುಧ ಹಿಡಿದರೆ ಎರಡು ದಾಳ ಎಸೆದು ಚಿಕ್ಕದನ್ನು ಇಟ್ಟುಕೊಳ್ಳಬೇಕು. ಆದ್ದರಿಂದ ಹನ್ನೆರಡು ಮುಖದ ದಾಳ ಉರುಳಿಸುವ ಗ್ರೇಟ್‌ಆ್ಯಕ್ಸ್ ಕಿಡಿಗೆ ಸಲ್ಲದು. ಪಟ್ಟಿಯ ಮೇಲೆ ಬೆರಳಾಡಿಸುತ್ತ ಹೋದಾಗ ಲ್ಯಾನ್ಸ್ ಕಣ್ಣಿಗೆ ಬಿದ್ದಿತು. ಅದಕ್ಕೂ ಹನ್ನೆರಡು ಮುಖದ ದಾಳವೇ, ಹೆವಿ ಎಂಬ ಮುದ್ರೆ ಇಲ್ಲ, ಸವಾರನಾದರೆ ಒಂದೇ ಕೈ ಸಾಕು. ಸಣ್ಣ ಗಾತ್ರದವನಿಗೆ ಮಧ್ಯಮ ಗಾತ್ರದ ಪ್ರಾಣಿ ವಾಹನವಾಗಬಹುದು. ಮ್ಯಾಸ್ಟಿಫ್ ನಾಯಿಯ ಓಟ ನಲವತ್ತು ಅಡಿ!

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಆಯುಧ, ವೇಗ ಎರಡೂ ಒಂದೇ ಏಟಿಗೆ ಸರಿಹೋದವು ಎಂದುಕೊಂಡೆ. ಎರಡನೆಯ ಕೂಟಕ್ಕೆ ಕಿಡಿ ನಾಯಿ ಏರಿ ಬಂದ. ಮೊದಲ ಸುತ್ತಿನ ಎರಡನೆಯ ಬಾಣಕ್ಕೆ ನಾಯಿ ಸತ್ತಿತು. ಮ್ಯಾಸ್ಟಿಫ್‌ಗೆ ಇರುವುದು ಐದು ಪ್ರಾಣ. ರೇಜ್ ಏರುವುದು ಸವಾರನಿಗೆ, ಅವನ ಕೆಳಗಿನ ನಾಯಿಗಲ್ಲ. ನೆಲಕ್ಕೆ ಬಿದ್ದ ಕಿಡಿಯ ಕೈಯಲ್ಲಿ ಈಗ ಎರಡು ಕೈ ಬೇಡುವ, ಐದಡಿಯೊಳಗಿನ ವೈರಿಗೆ ಸರಿಯಾಗಿ ತಾಗದ ಉದ್ದನೆಯ ಕೋಲು ಇತ್ತು. ಮೇಜಿನ ಸುತ್ತ ಇದ್ದವರು ನಾಯಿಗಾಗಿ ಅತ್ತರು, ನನಗಾಗಿ ಯಾರೂ ಅಳಲಿಲ್ಲ.

ರಿಪೇರಿ ಮೂರು: ಕೊಡಲಿ ಮತ್ತು ಒಂದರ ದಾಳ

ಕೊನೆಗೆ ಉಳಿದದ್ದು ಬ್ಯಾಟಲ್‌ಆ್ಯಕ್ಸ್. ಒಂದು ಕೈಯಲ್ಲಿ ಎಂಟು ಮುಖದ ದಾಳ, ಎರಡು ಕೈಯಲ್ಲಿ ಹತ್ತು ಮುಖದ್ದು. ಗ್ರೇಟ್‌ಆ್ಯಕ್ಸ್‌ನ ಸರಾಸರಿ ಆರೂವರೆ, ಎರಡು ಕೈಯ ಬ್ಯಾಟಲ್‌ಆ್ಯಕ್ಸ್‌ನದು ಐದೂವರೆ. ಹೊಡೆತಕ್ಕೆ ಒಂದು ಅಂಕದ ನಷ್ಟ. ಈ ಒಂದು ಅಂಕಕ್ಕಾಗಿ ನಾಯಿ ಸತ್ತಿತ್ತು.

ರೆಕ್ಲೆಸ್ ಅಟ್ಯಾಕ್ ಬಂದ ಮೇಲೆ ಗ್ರೇಟ್‌ಆ್ಯಕ್ಸ್ ಹಿಡಿಯಬಹುದಲ್ಲ, ಒಂದರ ಅನುಕೂಲ ಇನ್ನೊಂದರ ಅನನುಕೂಲವನ್ನು ತಿಂದುಹಾಕುತ್ತದೆ ಎಂದು ಗೆಳೆಯನೊಬ್ಬ ಹೇಳಿದ. ತಿಂದುಹಾಕುತ್ತದೆ, ನಿಜ. ಆದರೆ ರೆಕ್ಲೆಸ್ ಎಂದರೆ ಮುಂದಿನ ಸರದಿಯವರೆಗೆ ವೈರಿಗಳಿಗೂ ನಮ್ಮ ಮೇಲೆ ಅನುಕೂಲ. ಆ ಬೆಲೆ ತೆತ್ತು ಕೊನೆಗೆ ಸಾಧಾರಣ ಒಂಟಿ ದಾಳ ಎಸೆಯುವುದು ಶುದ್ಧ ನಷ್ಟದ ವ್ಯಾಪಾರ.

ರೆಕ್ಲೆಸ್ ಅಟ್ಯಾಕ್ ಕಿಡಿಗೆ ಬೇರೆಯೇ ಕಾರಣಕ್ಕೆ ಹೊಂದುತ್ತದೆ, ಇಡೀ ರಿಪೇರಿಯಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಜಾಗ ಇದು. ಹಾಫ್‌ಲಿಂಗ್‌ಗೆ ‘ಲಕ್ಕಿ’ ಎಂಬ ಗುಣವಿದೆ: ಇಪ್ಪತ್ತು ಮುಖದ ದಾಳದಲ್ಲಿ ಒಂದು ಬಿದ್ದರೆ ಅದನ್ನು ಮತ್ತೆ ಎಸೆಯಬಹುದು. ಒಂಟಿ ದಾಳದಲ್ಲಿ ಇಪ್ಪತ್ತಕ್ಕೊಮ್ಮೆ ಬರುವ ಭಾಗ್ಯ. ರೆಕ್ಲೆಸ್ ಆದಾಗ ಎರಡು ದಾಳ ಉರುಳುತ್ತವೆ, ಯಾವುದರಲ್ಲಿ ಒಂದು ಬಿದ್ದರೂ ಅದನ್ನು ಮತ್ತೆ ಎಸೆಯಬಹುದು. ಕುಲ ಮತ್ತು ಕಸುಬು ಮೊದಲ ಬಾರಿಗೆ ಒಂದೇ ಹಗ್ಗ ಹಿಡಿದು ಎಳೆದವು.

ಎಷ್ಟು ಎಳೆದವು ಎಂದು ಪೆನ್ಸಿಲ್ ಹಿಡಿದು ಕೂತೆ. ಗಾಬ್ಲಿನ್‌ನ ರಕ್ಷಣೆ 15. ಬಲ 17 ಇರುವ ಹಾಫ್‌ಆರ್ಕ್ ಬಾರ್ಬೇರಿಯನ್‌ಗೆ ದಾಳದಲ್ಲಿ 10 ಬಿದ್ದರೆ ಸಾಕು, ಕಿಡಿಗೆ 11 ಬೇಕು. ಒಂಟಿ ದಾಳದಲ್ಲಿ ಆರ್ಕ್ ಗೆಲ್ಲುವುದು ನೂರಕ್ಕೆ 55 ಸಲ, ಬರಿಯ ಕಿಡಿ 50, ಲಕ್ಕಿ ಸೇರಿದರೆ 52.5. ಇಬ್ಬರೂ ರೆಕ್ಲೆಸ್ ಆದರೆ? ಆರ್ಕ್‌ಗೆ 79.75. ಕಿಡಿಗೆ 75, ಅದರ ಮೇಲೆ ಲಕ್ಕಿ: ಎರಡೂ ದಾಳ ಹತ್ತರೊಳಗೆ ಬೀಳುವ ನೂರು ಜೋಡಿಗಳಲ್ಲಿ ಹತ್ತೊಂಬತ್ತರಲ್ಲಿ ಒಂದು ಇದ್ದೇ ಇರುತ್ತದೆ, ಅದರಲ್ಲಿ ಅರ್ಧ ಉಳಿಯುತ್ತದೆ. ನಾನೂರಕ್ಕೆ ಒಂಬತ್ತೂವರೆ. ಒಟ್ಟು ಸುಮಾರು 77.4. ಐದು ಅಂಕದ ಅಂತರ ಎರಡೂವರೆಗೂ ಕಡಿಮೆಗೆ ಇಳಿಯಿತು. ಇಡೀ ಜಗತ್ತು ಆ ಕಳೆದುಹೋದ ಎರಡು ಅಂಕದ ಬಲಕ್ಕಾಗಿ ಅಳುತ್ತದೆ. ನನ್ನ ಹಾಳೆ ಹಾಳಾಗಿದ್ದು ಅದರಿಂದಲ್ಲ, ನಾನು ಹೊಡೆಯಲು ತಪ್ಪು ಅಂಕ ಆರಿಸಿದ್ದರಿಂದ.

ನಾಲ್ಕನೆಯ ಕೂಟ

ಮೂರನೆಯ ಹಂತ. ಪ್ರಾಣಿಯೊಂದರ ಶಕ್ತಿಯನ್ನು ಮೈಗೆ ಕರೆಯುವ ಟೋಟೆಮ್ ದಾರಿ ಹಿಡಿದು ಕರಡಿಯನ್ನು ಆರಿಸಿಕೊಂಡೆ. ರೇಜಿನಲ್ಲಿರುವಾಗ ಮನಸ್ಸಿಗೆ ತಾಗುವ ಹಾನಿಯೊಂದನ್ನು ಬಿಟ್ಟು ಉಳಿದೆಲ್ಲ ಅರ್ಧ. ಮೂರಡಿಯವನ ಮೈಮೇಲೆ ಕರಡಿ ಬರುವುದು ನೋಡಲು ಸೊಗಸು.

ಐದಡಿ ಅಗಲದ ಓಣಿ. ನಡುವೆ ಒಬ್ಬ ಆರ್ಕ್ ಗೋಡೆಯ ಹಾಗೆ ನಿಂತಿದ್ದಾನೆ. ಅವನ ಹಿಂದೆ ಒಂದು ಚೌಕ ಖಾಲಿ, ಅದರಾಚೆ ಮಂತ್ರ ಹಾಕುತ್ತಿರುವ ಪೂಜಾರಿ. ಹಾಫ್‌ಲಿಂಗ್‌ಗೆ ತನಗಿಂತ ದೊಡ್ಡ ಗಾತ್ರದವರ ಜಾಗದೊಳಗೆ ನುಸುಳಿ ಹೋಗುವ ಗುಣವಿದೆ. ಮೊದಲ ಕೂಟದಲ್ಲಿ ಇದು ಕೆಲಸಕ್ಕೆ ಬರಲಿಲ್ಲ, ಗಾಬ್ಲಿನ್‌ಗಳು ಕಿಡಿಯಷ್ಟೇ ಗಿಡ್ಡ. ಆರ್ಕ್ ಮಧ್ಯಮ ಗಾತ್ರದವನು. ಇನ್ನೊಬ್ಬರ ಜಾಗದೊಳಗೆ ಹೆಜ್ಜೆ ಇಡುವುದಕ್ಕೆ ಎರಡರಷ್ಟು ಖರ್ಚು, ಅಂದರೆ ಹತ್ತು ಅಡಿ. ಆಚೆಗೆ ದಾಟಲು ಐದು. ಇಪ್ಪತ್ತೈದರಲ್ಲಿ ಹದಿನೈದು ಅಡಿಗೆ ಕಿಡಿ ಆರ್ಕ್‌ನ ಕಾಲ ಸಂದಿಯಿಂದ ಹಿಂದಕ್ಕೆ ಬಂದ. ಆರ್ಕ್‌ನ ಕೈಗೆಟಕುವ ದೂರ ಬಿಟ್ಟಿಲ್ಲವಾದ್ದರಿಂದ ಬೆನ್ನಿಗೆ ಪುಕ್ಕಟೆ ಏಟೂ ಇಲ್ಲ.

ರೆಕ್ಲೆಸ್. ಎರಡು ದಾಳ ಎಸೆದೆ. ಒಂದರಲ್ಲಿ ನಾಲ್ಕು. ಇನ್ನೊಂದು ಮೇಜಿನ ಅಂಚಿನವರೆಗೆ ಉರುಳಿ, ಅಲ್ಲಿ ಸ್ವಲ್ಪ ಯೋಚಿಸಿ, ಒಂದನ್ನು ತೋರಿಸಿತು. ಎದುರಿಗಿದ್ದವನು ಅಯ್ಯೋ ಎಂದ. ನಾನು ಆ ಒಂದನ್ನು ಎರಡು ಬೆರಳಲ್ಲಿ ಎತ್ತಿ ಮತ್ತೆ ಎಸೆದೆ. ಹದಿನೇಳು. ಹತ್ತು ಮುಖದ ದಾಳದಲ್ಲಿ ಎಂಟು, ಬಲದ ಎರಡು, ರೇಜಿನ ಎರಡು. ಪೂಜಾರಿಯ ಮಂತ್ರ ಅರ್ಧಕ್ಕೇ ನಿಂತಿತು. ಹಿಂದಿನಿಂದ ಆರ್ಕ್ ಕೊಟ್ಟ ಹನ್ನೊಂದರ ಏಟು ಐದಾಗಿ ಇಳಿಯಿತು.

ಆಟ ನಡೆಸುವವರು ಏನೂ ಹೇಳಲಿಲ್ಲ. ಆರ್ಕ್‌ನ ಗೊಂಬೆಯನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ ಇಟ್ಟರು.

ಬೆಸ ಅಂಕದ ಬಾಕಿ

ಬಲ ಹದಿನೈದನ್ನು ಯಾಕೆ ಬೆಸವಾಗಿ ಬಿಟ್ಟೆ ಎಂದರೆ, ನಾಲ್ಕನೆಯ ಹಂತಕ್ಕೆ ಒಂದು ಫೀಟ್ (ಪಾತ್ರ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಕಾದಿದೆ. 2017ರ ಪೂರಕ ಪುಸ್ತಕದಲ್ಲಿ ಬಂದ ಸ್ಕ್ವಾಟ್ ನಿಂಬಲ್‌ನೆಸ್. ಡ್ವಾರ್ಫ್‌ಗಳಿಗೆ ಮತ್ತು ಸಣ್ಣ ಗಾತ್ರದವರಿಗೆ ಮಾತ್ರ. ಬಲ ಅಥವಾ ಚುರುಕಿಗೆ ಒಂದು ಸೇರುತ್ತದೆ, ನಡಿಗೆಗೆ ಐದು ಅಡಿ, ಜೊತೆಗೆ ಅಥ್ಲೆಟಿಕ್ಸ್ ಅಥವಾ ಅಕ್ರೊಬ್ಯಾಟಿಕ್ಸ್ ಕೌಶಲ. ಬಲ 16, ನಡಿಗೆ 30. ಐದನೆಯ ಹಂತದಲ್ಲಿ ಬಾರ್ಬೇರಿಯನ್‌ಗೆ ಹೇಗೂ ಹತ್ತು ಅಡಿ ಹೆಚ್ಚುತ್ತದೆ. ನಲವತ್ತು ಅಡಿ. ಸತ್ತ ನಾಯಿಯ ವೇಗ, ಸ್ವಂತ ಕಾಲಲ್ಲಿ.

2024ರ ಹೊಸ ನಿಯಮ ಪುಸ್ತಕ ತಂದ ಗೆಳೆಯ ಇದನ್ನೆಲ್ಲ ನೋಡಿ ನಕ್ಕ. ಅದರಲ್ಲಿ ಹಾಫ್‌ಲಿಂಗ್ ನಡಿಗೆಯೇ 30 ಅಡಿ, ಹೆಚ್ಚುವರಿ ಅಂಕಗಳು ಬರುವುದು ಪಾತ್ರದ ಹಿನ್ನೆಲೆಯಿಂದ, ಹೆವಿ ಕೊಡಲಿಗೆ ಬೇಕಾದದ್ದು ಬಲ 13 ಮಾತ್ರ. ರೇಜ್ ಆರದಂತೆ ನೋಡಿಕೊಳ್ಳಲು ಬೋನಸ್ ಆ್ಯಕ್ಷನ್, ಅಂದರೆ ಸರದಿಯ ಪುಟ್ಟ ಹೆಚ್ಚುವರಿ ಕೆಲಸ, ಸಾಕು. ನಾನು ಒಂದೊಂದೇ ಕೀಲು ಬಿಚ್ಚಿ ಸರಿಮಾಡಿದ್ದನ್ನು ಕಾರ್ಖಾನೆಯೇ ಹೊಸ ಮಾದರಿಯಲ್ಲಿ ಸರಿಮಾಡಿಬಿಟ್ಟಿದೆ. ಒಳ್ಳೆಯದೇ ಆಯಿತು. ನಮ್ಮ ಮೇಜು ಮಾತ್ರ ಈ ಅಭಿಯಾನ ಮುಗಿಯುವವರೆಗೆ ಹಳೆಯದನ್ನೇ ಓಡಿಸುತ್ತದೆ.

ಹಿಂದೊಮ್ಮೆ ಹಾಫ್‌ಆರ್ಕ್ ವಿಝರ್ಡ್ ಕಟ್ಟಿದಾಗಲೂ ಇದೇ ಪಾಠ ಸಿಕ್ಕಿತ್ತು, ಆಗ ತಲೆಗೆ ಹತ್ತಲಿಲ್ಲ. ಬುದ್ಧಿ 15ಕ್ಕೇ ನಿಂತಿದ್ದರಿಂದ ಅವನ ಮಂತ್ರಕ್ಕೆ ವೈರಿ ಹಾಕಬೇಕಾದ ತಡೆಯ ಅಂಕ 13ರ ಬದಲು 12. ಅದಕ್ಕಾಗಿ ಕೊರಗುವ ಬದಲು ಬುದ್ಧಿಯನ್ನು ಕೇಳದ ಮಂತ್ರಗಳನ್ನೇ ಪುಸ್ತಕಕ್ಕೆ ಬರೆದುಕೊಂಡೆ: ತಪ್ಪದೆ ತಾಗುವ ಮ್ಯಾಜಿಕ್ ಮಿಸೈಲ್, ಪ್ರಾಣದ ಲೆಕ್ಕದಲ್ಲೇ ಮಲಗಿಸುವ ಸ್ಲೀಪ್, ಶೀಲ್ಡ್, ಮೇಜ್ ಆರ್ಮರ್. ಮೊದಲ ಹಂತದ ಬಡಕಲು ವಿಝರ್ಡ್ ಸೊನ್ನೆಗೆ ಇಳಿದಾಗ ಆರ್ಕ್ ರಕ್ತ ದಿನಕ್ಕೊಮ್ಮೆ ಒಂದು ಪ್ರಾಣ ಇಟ್ಟು ನಿಲ್ಲಿಸುತ್ತಿತ್ತು. ಆ ಗುಣ ಬಾರ್ಬೇರಿಯನ್‌ಗಿಂತ ವಿಝರ್ಡ್‌ಗೇ ಹೆಚ್ಚು ಬೇಕಾಗುತ್ತದೆ. ಆಯುಧದ ಮಹಾಹೊಡೆತಕ್ಕೆ ಸಿಗುವ ಹೆಚ್ಚುವರಿ ದಾಳ ಮಾತ್ರ ಮಂತ್ರಕ್ಕೆ ಸಲ್ಲದೆ ಕೊನೆಯವರೆಗೂ ತುಕ್ಕು ಹಿಡಿಯಿತು.

ಗೊಂಬೆ

ಹಾಫ್‌ಲಿಂಗ್ ಬಾರ್ಬೇರಿಯನ್ ಗೊಂಬೆ ಹುಡುಕಿ ಸೋತು, ಒಬ್ಬ ಹಾಫ್‌ಲಿಂಗ್ ಕಳ್ಳನನ್ನೇ ಕತ್ತರಿಸಿದೆ. 28 ಮಿಲಿಮೀಟರ್ ಅಳತೆಯ ಗೊಂಬೆಗಳಲ್ಲಿ ಇವನು ಹದಿನಾಲ್ಕರ ಆಸುಪಾಸು. ಚೂರಿ ಹಿಡಿದ ಮುಂಗೈಯನ್ನು ಮಣಿಕಟ್ಟಿನಲ್ಲಿ ತೆಗೆದು, ಮನುಷ್ಯ ಯೋಧನ ಕೊಡಲಿಯನ್ನು ಅಂಟಿಸಬೇಕು. ಕೊಡಲಿಯ ಅಲಗು ಇವನ ತಲೆಯಷ್ಟೇ ದೊಡ್ಡದು. ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದ ಮೇಲೆ ಕಣ್ಣಿಗೆ ಒಗ್ಗಿತು. ಬರೀ ಅಂಟು ನಿಲ್ಲುವುದಿಲ್ಲ, ಒಳಗೆ ತಂತಿಯ ಗೂಟ ಬೇಕು. ಒಂದು ಮಿಲಿಮೀಟರ್ ಬೈರಿಗೆಯನ್ನು ಬೆರಳಲ್ಲೇ ತಿರುಗಿಸುತ್ತ ಮಣಿಕಟ್ಟು ಕೊರೆದೆ. ಮಾತಾಡುತ್ತ ಕೊರೆದದ್ದರಿಂದ ತುದಿ ಮೊಣಕೈಯಲ್ಲಿ ಹೊರಬಂದಿತು. ಆ ತೂತನ್ನು ಎರಡು ಬಣ್ಣದ ಎಪಾಕ್ಸಿ ಪುಟ್ಟಿ ಸಮಸಮ ಕಲಸಿ ಮುಚ್ಚಿದೆ. ಉಪಕರಣ ಒದ್ದೆ ಮಾಡದಿದ್ದರೆ ಪುಟ್ಟಿ ಅದಕ್ಕೇ ಅಂಟಿಕೊಂಡು ಬರುತ್ತದೆ. ಮಿಕ್ಕ ಪುಟ್ಟಿಯಲ್ಲಿ ಹೆಗಲಿಗೆ ಕರಡಿ ತೊಗಲು ಮಾಡಿ, ಸೂಜಿಯಲ್ಲಿ ಗೀರಿ ಕೂದಲು ಎಬ್ಬಿಸಿ, ರಾತ್ರಿಯಿಡೀ ಗಟ್ಟಿಯಾಗಲು ಬಿಟ್ಟೆ. ಅಡಿಪೀಠ 25 ಮಿಲಿಮೀಟರ್, ಎಲ್ಲರದರಂತೆಯೇ. ಮೂರಡಿಯವನೂ ಆರಡಿಯವನೂ ಆಡುಹಲಗೆಯ ಮೇಲೆ ಹಿಡಿಯುವುದು ಐದಡಿಯ ಒಂದೇ ಚೌಕ.

ಉಳಿದದ್ದು ಗುರಾಣಿ. ಹಿಡಿದರೆ ರಕ್ಷಣೆ 18, ಕೊಡಲಿಗೆ ಎಂಟರ ದಾಳ. ಬಿಟ್ಟರೆ 16 ಮತ್ತು ಹತ್ತರ ದಾಳ. ಹಾಕಲೂ ತೆಗೆಯಲೂ ಒಂದು ಆ್ಯಕ್ಷನ್ (ಸರದಿಯ ಮುಖ್ಯ ಕೆಲಸ) ಖರ್ಚು, ಆದ್ದರಿಂದ ಕಾದಾಟಕ್ಕೆ ಮುಂಚೆಯೇ ನಿರ್ಧರಿಸಬೇಕು. ನನ್ನಿಂದ ನಿರ್ಧರಿಸಲು ಆಗುತ್ತಿಲ್ಲ. ಹಾಗಾಗಿ ಗೊಂಬೆಯ ಎಡಗೈಗೊಂದು, ಗುರಾಣಿಯ ಹಿಂಬದಿಗೊಂದು ಎರಡು ಮಿಲಿಮೀಟರ್ ಅಯಸ್ಕಾಂತ ಕೂರಿಸಿದೆ, ಬೇಕಾದಾಗ ಹಾಕಿ ತೆಗೆಯಬಹುದು ಎಂದು. ಅಂಟು ಒಣಗಿದ ಮೇಲೆ ಗುರಾಣಿಯನ್ನು ಹತ್ತಿರ ಒಯ್ದೆ. ಅದು ಬೆರಳಿನಿಂದ ಜಾರಿ ಮೇಜಿನ ಆಚೆ ಹೋಗಿ ಬಿದ್ದಿತು. ಎರಡೂ ಒಂದೇ ಧ್ರುವ. ನಾಳೆ ಮತ್ತೆ ಕೊರೆಯಬೇಕು.